ಏಳಡಿ ಮುಚ್ಚಿಗೆ, ಎಂಟಡಿ ಹಲಗೆ

ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆ ನಮ್ಮ ಚಿಕ್ಕಪ್ಪನ ಮನೆ. ಅಡುಗೆಮನೆ, ಬಚ್ಚಲುಮನೆ ದಾಟಿದರೆ ಹಿಂದೆ ಒಂದು ಕೋಣೆ ಸಿಗುತ್ತದೆ. ಮೊದಲು ಅಲ್ಲಿ ಕಾಫಿ ಮೂಟೆ ಪೇರಿಸುತ್ತಿದ್ದರು. ಬೇರೆ ಗೋಡೌನ್ ಆದ ಮೇಲೆ ಮುರಿದ ಕುರ್ಚಿ, ಹರಿದ ಟಾರ್ಪಾಲು, ಕೆಟ್ಟ ಸ್ಪ್ರೇಯರ್ ಎಲ್ಲ ಅಲ್ಲಿಗೆ ಬಂದು ಬಿದ್ದಿದ್ದವು. 15 ಅಡಿ ಉದ್ದ, 12 ಅಡಿ ಅಗಲ. ಕೆಳಗೆ ಕಲ್ಲುಚಪ್ಪಡಿ, ಮೇಲೆ ಮರದ ಮುಚ್ಚಿಗೆ. ನೆಲದಿಂದ ತೊಲೆಯ ಕೆಳಗಿನ ಅಂಚಿಗೆ ಸರಿಯಾಗಿ 7 ಅಡಿ. ನಮ್ಮ ತಮ್ಮ ನಿಂತಲ್ಲೇ ಕೈ ಎತ್ತಿದರೆ ತೊಲೆಯನ್ನು ಹಿಡಿದುಕೊಳ್ಳಬಹುದು. ಅಂಥ ಕೋಣೆಯಲ್ಲಿ ಅವನಿಗೆ ಬಂಡೆ ಹತ್ತುವುದನ್ನು ಅಭ್ಯಾಸ ಮಾಡೋ ಗೋಡೆ ಬೇಕಿತ್ತು.

ತಮ್ಮ ಅಂದರೆ ಚಿಕ್ಕಪ್ಪನ ಮಗ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಭಾನುವಾರ ಬಂದರೆ ರಾಮನಗರದ ಬಂಡೆಗಳಿಗೆ, ನಾಲ್ಕು ದಿನ ರಜೆ ಸಿಕ್ಕರೆ ಬಾದಾಮಿಗೆ ಓಡುತ್ತಿದ್ದ. ತೋಟ ನೋಡಿಕೊಳ್ಳೋಕೆ ಊರಿಗೆ ವಾಪಸ್ ಬಂದ ಮೇಲೆ ಕೈ ಕಡಿಯೋಕೆ ಶುರುವಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಬಂಡೆ ಹಾಗಿರಲಿ, ಅಂಗಳದ ಕಲ್ಲಿನ ಮೇಲೆ ನಡೆಯೋದೇ ಕಷ್ಟ, ಅಷ್ಟು ಪಾಚಿ. ಬಾದಾಮಿಯದ್ದು ಮರಳುಕಲ್ಲು. ಅದು ನೆನೆದರೆ ಬಲ ಕಳೆದುಕೊಳ್ಳುತ್ತದೆ, ಹಿಡಿದ ಚೂರು ಕೈಗೇ ಬರುತ್ತದೆ. ಮಳೆ ನಿಂತ ಕೂಡಲೇ ಅದನ್ನು ಹತ್ತಬಾರದು. ಹಾಗಾಗಿ ಮಳೆಗಾಲಕ್ಕೆ ಅಂತಲೇ ಮನೆಯೊಳಗೊಂದು ಗೋಡೆ. ಈ "ಮಳೆಗಾಲಕ್ಕೆ ಅಂತಲೇ" ಅನ್ನೋ ಮಾತು ನೆನಪಿರಲಿ, ಆಮೇಲೆ ಅದೇ ನಮ್ಮನ್ನು ಚೆನ್ನಾಗಿ ಆಟ ಆಡಿಸಿತು.

ಕೆಲಸ ಹಂಚಿಕೊಂಡೆವು. ಲೆಕ್ಕಕ್ಕೆ ನಾನು (ಓದಿದ್ದು ಸಿವಿಲ್ ಡಿಪ್ಲೊಮಾ), ಮರಕ್ಕೆ ಆಚಾರ್ರು, ದುಡ್ಡಿಗೆ ತಮ್ಮ, ತಕರಾರಿಗೆ ಚಿಕ್ಕಮ್ಮ.

ಎತ್ತರ ಇಲ್ಲದಿದ್ದರೆ ಓರೆ

ಕೇಳಿದವರೆಲ್ಲ ಮೊದಲು ಅಂದಿದ್ದು ಒಂದೇ. ಏಳಡಿಯಲ್ಲಿ ಏನು ಹತ್ತುತ್ತೀರಿ? ಒಂದು ಹೆಜ್ಜೆ ಇಟ್ಟರೆ ತಲೆ ಮುಚ್ಚಿಗೆಗೆ ಬಡಿಯಲ್ವಾ?

ಗೋಡೆಯನ್ನು ನೆಟ್ಟಗೆ ನಿಲ್ಲಿಸಿದರೆ ಆ ಮಾತು ಸರಿ. ಆದರೆ ಹಲಗೆಯನ್ನು ನಮ್ಮ ಕಡೆಗೆ ಬಾಗಿಸಿದರೆ ಅದೇ ಎತ್ತರದಲ್ಲಿ ಜಾಸ್ತಿ ಉದ್ದದ ಹಲಗೆ ಕೂರುತ್ತದೆ. ಏಣಿಯನ್ನು ಓರೆಯಾಗಿ ಇಟ್ಟ ಹಾಗೆ. 7 ಅಡಿ ಅಂದರೆ 84 ಇಂಚು. ಅದರಲ್ಲಿ ಕೆಳಗಿನ 8 ಇಂಚು, ಓರೆ ಹಲಗೆಯ ಬುಡದಲ್ಲಿ ನೆಟ್ಟಗೆ ನಿಲ್ಲೋ ಅಡಿಪಟ್ಟಿಗೆ ಹೋಯಿತು. ಉಳಿದಿದ್ದು 76 ಇಂಚು. ಇದನ್ನು ಓರೆ ಕೋನದ ಕೊಸೈನ್‌ನಿಂದ ಭಾಗಿಸಿದರೆ ಹಲಗೆಯ ಉದ್ದ ಸಿಗುತ್ತದೆ. ನೆಟ್ಟಗಿದ್ದರೆ 6 ಅಡಿ 4 ಇಂಚು, ಅಷ್ಟೇ. 30 ಡಿಗ್ರಿ ಬಾಗಿಸಿದರೆ 7 ಅಡಿ 4 ಇಂಚು. 40 ಡಿಗ್ರಿಗೆ 8 ಅಡಿ 3 ಇಂಚು. 50 ಡಿಗ್ರಿಗೆ ಹೆಚ್ಚುಕಮ್ಮಿ 9 ಅಡಿ 10 ಇಂಚು.

ತಮ್ಮನಿಗೆ 50 ಡಿಗ್ರಿ ಮೇಲೆ ಕಣ್ಣು. ಆದರೆ ಓರೆ ಜಾಸ್ತಿ ಆದಷ್ಟೂ ಹಲಗೆ ಕೋಣೆಯೊಳಗೆ ಮುಂದೆ ಬರುತ್ತದೆ. 50 ಡಿಗ್ರಿಗೆ ಏಳೂವರೆ ಅಡಿ ಮುಂದಕ್ಕೆ. ಅದರ ಆಚೆಗೂ ಬೀಳೋಕೆ ಜಾಗ ಬೇಕು, ಬಾಗಿಲು ತೆಗೆಯಬೇಕು. 40 ಡಿಗ್ರಿಗೆ ನಿಂತೆವು. ಇನ್ನೊಂದು ಅನುಕೂಲ ಅಂದರೆ ಪ್ಲೈವುಡ್ ಹಾಳೆ ಬರೋದೇ 8 ಅಡಿಗೆ 4 ಅಡಿ. ಕತ್ತರಿಸೋ ಗೋಜಿಲ್ಲ. ಎರಡು ಹಾಳೆ ಪಕ್ಕ ಪಕ್ಕ ಇಟ್ಟರೆ 8 ಅಡಿಗೆ 8 ಅಡಿ.

ಹತ್ತೋ ಅಭ್ಯಾಸಕ್ಕೆ ಪ್ರಪಂಚದ ತುಂಬ ಹೆಸರಾದ ಮೂನ್‌ಬೋರ್ಡ್ ಅನ್ನೋ ಹಲಗೆ ಕೂಡ ಸಾಮಾನ್ಯವಾಗಿ 40 ಡಿಗ್ರಿಯದ್ದೇ. ಇಂಗ್ಲೆಂಡಿನ ಬೆನ್ ಮೂನ್ ಅನ್ನೋ ಹತ್ತುಗಾರ ರೂಪಿಸಿದ್ದು. ಅದರ ತೂತುಗಳ ನಡುವೆ 20 ಸೆಂಟಿಮೀಟರ್, ನಮ್ಮದಕ್ಕೂ ಹತ್ತಿರ ಹತ್ತಿರ ಅಷ್ಟೇ, 8 ಇಂಚು. ಆದರೆ ಪೂರ್ತಿ ಅಳತೆಯ ಮೂನ್‌ಬೋರ್ಡ್ 3.15 ಮೀಟರ್ ಎತ್ತರ, ಅಂದರೆ 10 ಅಡಿ ದಾಟುತ್ತದೆ. ನಮ್ಮ ಮುಚ್ಚಿಗೆ ಒಡೆದು ಅಟ್ಟಕ್ಕೇ ಹೋಗಬೇಕು.

ಅರ್ಧ ಇಂಚು

ನನ್ನ ಲೆಕ್ಕದ ಪ್ರಕಾರ 8 ಅಡಿ ಹಲಗೆ 40 ಡಿಗ್ರಿಯಲ್ಲಿ ನಿಂತರೆ 73 ಮುಕ್ಕಾಲಿಗೆ ಸ್ವಲ್ಪ ಕಡಿಮೆ ಇಂಚು. ಅಡಿಪಟ್ಟಿ ಸೇರಿ 81 ಮೀರಿ ಅರ್ಧ. ತೊಲೆಗೆ ಇನ್ನೂ ಎರಡೂವರೆ ಇಂಚು ಬಾಕಿ. ಮೊಬೈಲ್‌ನಲ್ಲಿ ಲೆಕ್ಕ ತೋರಿಸಿದೆ. ಆಚಾರ್ರು ಅದನ್ನು ನೋಡಲೂ ಇಲ್ಲ. "ಕಣಕ್ಕೆ ಬನ್ನಿ" ಅಂದರು.

ಕಾಫಿ ಒಣಗಿಸೋ ಕಣ ಆಗ ಖಾಲಿ ಇತ್ತು. ಆಚಾರ್ರು ಕೆಮ್ಮಣ್ಣಿನಲ್ಲಿ ನೂಲು ಅದ್ದಿದರು. ಒಂದು ತುದಿ ನನ್ನ ಕೈಗೆ ಕೊಟ್ಟು, ನಡುವೆ ಎಳೆದು ಟಪ್ ಅಂತ ಬಿಟ್ಟರು. ಸಿಮೆಂಟಿನ ಮೇಲೆ ಕೆಂಪು ಗೆರೆ. ಅದು ನೆಲ. 84 ಇಂಚು ಅಳೆದು ಇನ್ನೊಂದು ಗೆರೆ, ಅದು ತೊಲೆ. ನಡುವೆ ಓರೆಯಾಗಿ ಹಲಗೆ. ಎಲ್ಲ ನನ್ನ ಲೆಕ್ಕದ ಹಾಗೇ ಬಂತು, ನಾನು ಒಳಗೊಳಗೇ ಖುಷಿಪಟ್ಟೆ. ಆಮೇಲೆ ಅವರು ಹಲಗೆಯ ಬೆನ್ನಿಗೆ 4 ಇಂಚಿನ ಪಕಾಸಿಯ ತುಂಡೊಂದನ್ನು ಇಟ್ಟರು. ಅದರ ಹಿಂದಿನ ಮೂಲೆ ತೊಲೆಯ ಗೆರೆಯನ್ನು ದಾಟಿತು.

"ಇಂಜಿನಿಯರ್ರೇ, ಹಲಗೆಗೆ ಲೆಕ್ಕ ಹಾಕಿದ್ರಿ. ಹಲಗೆ ಹೊರೋ ಪಕಾಸಿಗೆ ಹಾಕಿದ್ರಾ?"

ಹಾಕಿರಲಿಲ್ಲ. ಪಕಾಸಿ 4 ಇಂಚು, ಪ್ಲೈವುಡ್ 18 ಮಿಲಿಮೀಟರ್, ಎರಡೂ ಸೇರಿ 4.7 ಇಂಚು ದಪ್ಪ. ಓರೆಯಾಗಿ ನಿಂತಾಗ ಆ ದಪ್ಪದ ಹಿಂದಿನ ಮೂಲೆ ಮುಂದಿನ ಅಂಚಿಗಿಂತ 3 ಇಂಚು ಮೇಲೇಳುತ್ತದೆ. ನನ್ನ ಹತ್ತಿರ ಇದ್ದದ್ದು ಎರಡೂವರೆ. ಅರ್ಧ ಇಂಚಿಗೆ ಇಡೀ ಚೌಕಟ್ಟು ತೊಲೆಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ತಗ್ಗು ಕೋಣೆಯಲ್ಲಿ ಇಂಥ ಗೋಡೆ ಕಟ್ಟೋರು ಇದೊಂದನ್ನು ದಯವಿಟ್ಟು ಬರೆದಿಟ್ಟುಕೊಳ್ಳಿ. ಹಲಗೆಯ ಮುಖಕ್ಕೆ ಮಾತ್ರ ಅಳತೆ ಹಾಕಬೇಡಿ, ಬೆನ್ನಿಗೂ ಹಾಕಿ.

ಪರಿಹಾರ ಸುಲಭ ಇತ್ತು. ಪ್ರತಿ ಪಕಾಸಿಯ ತಲೆಯ ಹಿಂದಿನ ಮೂಲೆಯನ್ನು ಒಂದು ಇಂಚು ತಗ್ಗೋ ಹಾಗೆ ನೆಲಕ್ಕೆ ಸಮವಾಗಿ ಕತ್ತರಿಸಿದರು. ತೊಲೆಗೂ ಅದಕ್ಕೂ ಅರ್ಧ ಇಂಚು ಗಾಳಿ ಉಳಿಯಿತು. ಆ ಗಾಳಿಯೂ ಬೇಕು. ತಾಗಿದರೆ ಪ್ರತಿ ನೆಗೆತಕ್ಕೂ ಮುಚ್ಚಿಗೆಯ ಸಂದಿಯಿಂದ ಮೂವತ್ತು ವರ್ಷದ ಧೂಳು ತಲೆ ಮೇಲೆ ಸುರಿಯುತ್ತದೆ. ತೊಲೆಗಳು ಹಲಗೆಯ ಮೇಲಂಚಿಗೆ ಸಮನಾಗಿ ಓಡಿದ್ದರೆ ಎರಡು ತೊಲೆಯ ನಡುವಿನ ಸಂದಿಗೇ ತುದಿಯನ್ನು ತೂರಿಸಬಹುದಿತ್ತು, ಇನ್ನೂ ಆರೇಳು ಇಂಚು ಸಿಗುತ್ತಿತ್ತು. ನಮ್ಮ ಮನೆಯಲ್ಲಿ ಅವು ಅಡ್ಡ ಓಡಿವೆ.

ಗೋಡೆಗೆ ಮೊಳೆ ಹೊಡೆಯಂಗಿಲ್ಲ

ಹಳೇ ಮನೆ, ಮಣ್ಣಿನ ಗೋಡೆ. ಆಂಕರ್ ಬೋಲ್ಟ್ ಹಾಕಿದರೆ ಬೋಲ್ಟ್ ಜೊತೆ ಗೋಡೆಯೂ ಕೈಗೆ ಬರುತ್ತದೆ. ತೊಲೆಗೆ ಸರಪಳಿ ಹಾಕಿ ತೂಗುಬಿಡೋಣ ಅಂದ ತಮ್ಮ. ಚಿಕ್ಕಪ್ಪ ಒಪ್ಪಲಿಲ್ಲ, ಸರಿಯಾಗೇ ಒಪ್ಪಲಿಲ್ಲ. 70 ಕೆಜಿ ಮನುಷ್ಯ ಸುಮ್ನೆ ನೇತಾಡಿದರೆ 70 ಕೆಜಿ. ನೆಗೆದು ಹಿಡಿದರೆ ಆ ಕ್ಷಣಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ. ಆ ತೊಲೆಗಳ ವಯಸ್ಸು ಯಾರಿಗೂ ಗೊತ್ತಿಲ್ಲ.

ಹಾಗಾಗಿ ಗೋಡೆಯನ್ನೂ ಮುಟ್ಟದೆ, ತೊಲೆಯನ್ನೂ ಮುಟ್ಟದೆ ತಾನೇ ನಿಲ್ಲೋ ಚೌಕಟ್ಟು. ಎರಡು ಪಕ್ಕದಲ್ಲೂ ಒಂದೊಂದು ತ್ರಿಕೋನ. ನೆಲದ ಮೇಲೆ ಉದ್ದಕ್ಕೆ ಒಂದು ತೊಲೆ, ಅದರ ಮುಂದಿನ ತುದಿಯಲ್ಲಿ ನೆಟ್ಟಗೆ ಒಂದು ಕಂಬ, ಹಿಂದಿನ ತುದಿಯಿಂದ ಕಂಬದ ತಲೆಗೆ ಓರೆಯಾಗಿ ಹಲಗೆಯ ಪಕಾಸಿ. ಕಂಬದ ಬುಡ ಜಾರಬೇಕು ಅಂದರೂ ನೆಲದ ತೊಲೆ ಬಿಡುವುದಿಲ್ಲ. ಅಡ್ಡ ಅಲುಗದ ಹಾಗೆ ಹಿಂದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಅಡ್ಡಪಟ್ಟಿ. ಸೇರಿಸಿದ ಕಡೆಯೆಲ್ಲ ಬೋಲ್ಟ್, ಮೊಳೆ ಇಲ್ಲ. ಅಲುಗಾಟಕ್ಕೆ ಮೊಳೆ ಸಡಿಲ ಆಗುತ್ತಾ ಹೋಗುತ್ತದೆ, ಬೋಲ್ಟ್ ಆದರೆ ತಿಂಗಳಿಗೊಮ್ಮೆ ಬಿಗಿ ಮಾಡಬಹುದು. ಮುಂದಿನ ಎರಡು ಕಂಬಗಳಿಗೆ ಹಳೇ ಕೌದಿ ಸುತ್ತಿದೆವು. ಇಲ್ಲದಿದ್ದರೆ ಬಿದ್ದವನ ಮೊಣಕೈ ನೇರ ಅಲ್ಲಿಗೇ.

ಮರದ ವಿಷಯಕ್ಕೆ ಸಣ್ಣ ಜಗಳ ಆಯಿತು. ತೋಟದಲ್ಲಿ ನೆರಳಿಗೆ ಹಾಕಿದ ಸಿಲ್ವರ್ ಓಕ್ ಎರಡು ಉರುಳಿದ್ದವು. ಬಿಟ್ಟಿ ಮರ, ಯಾಕೆ ಬಿಡಬೇಕು ಅಂತ ಚಿಕ್ಕಪ್ಪ. "ಹಸಿ ಮರ ಗೌಡ್ರೇ, ನಾಳೆ ತಿರುಚಿಕೊಳ್ಳುತ್ತೆ, ನಾಡಿದ್ದು ಕುಟ್ಟೆ ಹಿಡಿಯುತ್ತೆ" ಅಂತ ಆಚಾರ್ರು. ಕೊನೆಗೆ ಹಳೇ ದನದ ಕೊಟ್ಟಿಗೆ ಬಿಚ್ಚಿದಾಗ ಎತ್ತಿಟ್ಟಿದ್ದ ಮತ್ತಿ ಮರದ ಪಕಾಸಿಗಳೇ ಬಂದವು. ಒಣಗಿ ಕಬ್ಬಿಣ ಆಗಿದ್ದವು. ಎರಡು ಡ್ರಿಲ್ ಬಿಟ್ ಮುರಿದವು, ಇರಲಿ.

ಪಕಾಸಿಗಳನ್ನು 16 ಇಂಚಿಗೊಂದರಂತೆ ಇಟ್ಟೆವು. ತೂತುಗಳು ಹಾಳೆಯ ಅಂಚಿನಿಂದ 4 ಇಂಚು ಬಿಟ್ಟು, ಆಮೇಲೆ 8 ಇಂಚಿಗೊಂದು. ಹೀಗೆ ಮಾಡಿದರೆ ಒಂದು ತೂತೂ ಪಕಾಸಿಯ ಮೇಲೆ ಬೀಳುವುದಿಲ್ಲ. ಒಂದು ಹಾಳೆಗೆ 72, ಎರಡಕ್ಕೆ 144. ಪ್ರತಿ ತೂತಿನ ಹಿಂದೆ ಒಂದು ಟಿ-ನಟ್, ಅಂದರೆ ಮರಕ್ಕೆ ಕಚ್ಚಿಕೊಳ್ಳೋ ಹಲ್ಲಿರೋ ನಟ್. ಬೇಕಾದ ಹಿಡಿಯನ್ನು (ಹತ್ತುವಾಗ ಕೈಕಾಲಿಗೆ ಆಸರೆಯಾಗೋ ತುಂಡು) ಬೇಕಾದ ತೂತಿಗೆ ಮುಂದಿನಿಂದ ಬೋಲ್ಟ್ ಹಾಕಿ ಕೂರಿಸೋಕೆ. ಹಲಗೆಯನ್ನು ಚೌಕಟ್ಟಿಗೆ ಹೊಡೆಯೋ ಮೊದಲೇ ಟಿ-ನಟ್ ಕೂರಿಸಬೇಕು. ಸುತ್ತಿಗೆಯಲ್ಲಿ ಬಡಿದು ಬಿಟ್ಟರೆ ಸಾಲದು. ಮುಂದಿನಿಂದ ವಾಷರ್ ಹಾಕಿದ ಬೋಲ್ಟ್ ತಿರುಗಿಸಿ ಹಲ್ಲು ಪೂರ್ತಿ ಒಳಗೆ ಎಳೆದುಕೊಳ್ಳಬೇಕು. ನಾವು ಕೊನೆಯ 30 ಅನ್ನು ಆತುರಕ್ಕೆ ಬರೀ ಬಡಿದೆವು. ಅದರಲ್ಲಿ ಏಳು ಆಮೇಲೆ ಸುಮ್ನೆ ಸುತ್ತೋಕೆ ಶುರು ಮಾಡಿದವು. ಅದನ್ನು ಹಿಡಿದುಕೊಳ್ಳೋಕೆ ಸ್ಪ್ಯಾನರ್ ಸಮೇತ ಹಲಗೆಯ ಬೆನ್ನಿಗೆ, ಜೇಡರ ಬಲೆಯೊಳಗೆ ತೂರಿದವನು ನಾನು.

ಕಾಫಿ ಗಿಡದ ಹಿಡಿಗಳು

ಅಂಗಡಿಯ ರೆಸಿನ್ ಹೋಲ್ಡ್, ಅಂದರೆ ಪ್ಲಾಸ್ಟಿಕ್ ಥರದ ಹಿಡಿ, 30 ತರಿಸಿದೆವು. ಉಳಿದವು ಮನೆಯಲ್ಲೇ ಆದವು. ಕಿತ್ತ ಹಳೇ ಕಾಫಿ ಗಿಡದ ಬುಡಗಳನ್ನು ನಮ್ಮ ಕಡೆ ಟೀಪಾಯಿಯ ಕಾಲಿಗೆ ಬಳಸೋದು ಗೊತ್ತಲ್ಲ. ಗಟ್ಟಿ, ನಯ, ತೂಕ. ಅದನ್ನೇ ಗೇಣುದ್ದ ತುಂಡು ಮಾಡಿ, ಒಂದು ಪಕ್ಕ ಚಪ್ಪಟೆ ಕೊಯ್ದು, ಬೋಲ್ಟಿನ ತಲೆ ಮುಳುಗೋ ಹಾಗೆ ಗುಳಿ ತೋಡಿ, ವಾಷರ್ ಇಟ್ಟು ಬಿಗಿದೆವು. ವಾಷರ್ ಇಲ್ಲದೆ ಬಿಗಿದ ಮೊದಲನೆಯದು ಉದ್ದಕ್ಕೆ ಸೀಳಿತು. ಒಂದೇ ಬೋಲ್ಟಿನಲ್ಲಿ ನಿಂತ ಹಿಡಿ ಭಾರ ಬಿದ್ದಾಗ ತಿರುಗುತ್ತದೆ, ಅದಕ್ಕೆ ಪಕ್ಕದಲ್ಲಿ ಒಂದು ಸಣ್ಣ ಸ್ಕ್ರೂ ಬೇಕೇ ಬೇಕು. ಇದನ್ನು ತಮ್ಮನ ಮಗಳು ಕಲಿಸಿದಳು, 12 ವರ್ಷ. ಹಿಡಿ ಗಿರ್ರನೆ ತಿರುಗಿ ಕೆಳಗೆ ಬಿದ್ದು ಮೊಣಕೈ ತರಚಿಕೊಂಡಳು. ಅಪ್ಪನ ಮುಖ ನೋಡಬೇಕಿತ್ತು.

ಮರಕ್ಕೆ ಸ್ಯಾಂಡ್‌ಪೇಪರ್ ಹಾಕಿದ್ದು ಬಿಟ್ಟರೆ ಪಾಲಿಶ್, ವಾರ್ನಿಶ್ ಏನೂ ಇಲ್ಲ. ಬೆರಳ ಚರ್ಮ ರೆಸಿನ್‌ಗಿಂತ ಇದರ ಮೇಲೆ ಎರಡರಷ್ಟು ಹೊತ್ತು ತಾಳುತ್ತದೆ ಅಂತ ತಮ್ಮನ ಅಂಬೋಣ.

ಹಾಸಿಗೆ ನುಂಗಿದ ಐದು ಇಂಚು

ಗೋಡೆ ನಿಂತ ದಿನ ಎಲ್ಲರೂ ಫೋಟೋ ತೆಗೆಸಿಕೊಂಡೆವು. ಕೆಳಗೆ ಎರಡು ಹಳೇ ಹತ್ತಿ ಹಾಸಿಗೆ. ಮೊದಲ ಸಲ ಬೆನ್ನಿನ ಮೇಲೆ ಬಿದ್ದಾಗಲೇ ತಮ್ಮನಿಗೆ ಕಲ್ಲುಚಪ್ಪಡಿಯ ಪರಿಚಯ ಆಯಿತು.

ಇಂಥ ಹಾಸಿಗೆಗೆ ಒಂದು ಕ್ರಮ ಇದೆ, ನಮಗೆ ಉಲ್ಟಾ ಅನ್ನಿಸುತ್ತದೆ. ಮೆತ್ತಗಿನ ದಪ್ಪ ಫೋಮ್ ಕೆಳಗೆ, ಗಟ್ಟಿ ತೆಳು ಫೋಮ್ ಮೇಲೆ. ಮೇಲಿನ ಗಟ್ಟಿ ಪದರ ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಕೆಳಗಿನದು ನುಂಗುತ್ತದೆ. ಮೆತ್ತಗಿನದು ಮೇಲಿದ್ದರೆ ಹಿಮ್ಮಡಿ ಅದನ್ನು ತೂರಿಕೊಂಡು ನೇರ ಕೆಳಗೆ ಹೋಗುತ್ತದೆ. ಕೆಳಗೆ 4 ಇಂಚು, ಮೇಲೆ ಜಿಮ್‌ನಲ್ಲಿ ಹಾಸೋ ಥರದ 1 ಇಂಚಿನ ಗಟ್ಟಿ ಮ್ಯಾಟ್ ಹಾಕಿದೆವು.

ಆಗ ಹೊಸ ಕಷ್ಟ. ನಾನು ಲೆಕ್ಕ ಹಾಕಿದ್ದು ಕಲ್ಲುಚಪ್ಪಡಿಯಿಂದ, ಬೀಳೋದು ಹಾಸಿಗೆಯ ಮೇಲೆ. ಏಳಡಿ ಕೋಣೆ ಆರಡಿ ಏಳಿಂಚು ಆಯಿತು. 8 ಇಂಚಿನ ಅಡಿಪಟ್ಟಿಯಲ್ಲಿ ಕಾಣೋದು ಮೂರೇ ಇಂಚು, ಕಾಲಿಡೋಕೆ ಅಲ್ಲಿ ಹಾಕಿದ್ದ ಹಿಡಿಗಳು ಹಾಸಿಗೆಯೊಳಗೆ ಹೂತುಹೋದವು. ಹಾಸಿಗೆಯನ್ನು ಒಂದಡಿ ಹಿಂದೆ ಎಳೆದರೆ ಆ ಸಂದಿಯಲ್ಲಿ ಕಾಲು ಸಿಗುತ್ತದೆ. ಕೊನೆಗೆ ಅಡಿಪಟ್ಟಿಯ ಹಿಡಿಗಳನ್ನೇ ಬಿಚ್ಚಿದೆವು. ಹಲಗೆಯ ಕೆಳಗಿನ ಸಾಲು ಕಾಲಿಗೆ ಮಾತ್ರ, ಹತ್ತೋದು ಕೂತಲ್ಲಿಂದಲೇ ಶುರು. ಈಗ ಕಟ್ಟೋದಾದರೆ ಅಡಿಪಟ್ಟಿಯನ್ನು 12 ಇಂಚು ಮಾಡಿ, ಹಲಗೆಯನ್ನೇ ಐದಿಂಚು ಕತ್ತರಿಸುತ್ತಿದ್ದೆ. ಮೇಲಿನ ಸಾಲಿಗಿಂತ ಕೆಳಗಿನ ಕಾಲು ಮುಖ್ಯ.

ಸಂದಿಯ ಪಾಠ ಅಲ್ಲಿಗೇ ಮುಗಿಯಲಿಲ್ಲ. ಹಾಸಿಗೆ ಎರಡು ತುಂಡು. ಮೂರನೇ ವಾರ ತಮ್ಮ ಬಿದ್ದದ್ದು ಬರೀ ಎರಡಡಿ ಎತ್ತರದಿಂದ, ಕಾಲು ಹೋಗಿದ್ದು ಸರಿಯಾಗಿ ಎರಡು ತುಂಡಿನ ನಡುವೆ. ಕಣಕಾಲು ಉಳುಕಿ ಮೂರು ವಾರ ಕುಂಟಿದ. ತಗ್ಗು ಗೋಡೆ, ಬಿದ್ದರೆ ಏನಾಗುತ್ತೆ ಅನ್ನೋರಿಗೆ ಅವನನ್ನು ತೋರಿಸಬಹುದಿತ್ತು. ಆಮೇಲೆ ಎರಡಕ್ಕೂ ಸೇರಿ ಮೇಲೆ ಒಂದು ದಪ್ಪ ಜಮಖಾನ ಹಾಸಿ, ನಾಲ್ಕು ಮೂಲೆಗೂ ಬಿಗಿಯಾಗಿ ಕಟ್ಟಿದೆವು. ಮದುವೆ ಮನೆಯ ಜಮಖಾನ, ಚಿಕ್ಕಮ್ಮನನ್ನು ಕೇಳದೆ ತಂದಿದ್ದು.

ಕುಂಟುತ್ತಾ ಕೂತಿದ್ದಾಗ ಅವನಿಗೆ ಕ್ಯಾಂಪಸ್ ಬೋರ್ಡ್ ಹುಚ್ಚು ಹಿಡಿಯಿತು. ಕಾಲು ಬಳಸದೆ ಬರೀ ಬೆರಳಿನಲ್ಲಿ ಪಟ್ಟಿಯಿಂದ ಪಟ್ಟಿಗೆ ನೆಗೆಯೋ ಏಣಿ ಅದು. ಜರ್ಮನಿಯ ವುಲ್ಫ್‌ಗ್ಯಾಂಗ್ ಗುಲ್ಲಿಷ್ 1988ರಲ್ಲಿ ನ್ಯೂರೆಂಬರ್ಗ್‌ನ ಕ್ಯಾಂಪಸ್ ಅನ್ನೋ ಜಿಮ್‌ನಲ್ಲಿ ಮೊದಲು ಹಾಕಿದ್ದು, ಹೆಸರು ಬಂದಿದ್ದೂ ಅಲ್ಲಿಂದಲೇ. ಅದರಲ್ಲಿ ಪಳಗಿ 1991ರಲ್ಲಿ ಆಕ್ಷನ್ ಡಿರೆಕ್ಟ್ ಅನ್ನೋ ಬಂಡೆಯ ದಾರಿ ಹತ್ತಿದ. ತಗ್ಗು ಕೋಣೆಗೆ ಅದು ಚೆನ್ನಾಗೇ ಹೊಂದುತ್ತದೆ. ಆದರೆ ನಾನು ಬೇಡ ಅಂದೆ. ಮನೆಯಲ್ಲಿ ಬೆಳೆಯೋ ಹುಡುಗಿ ಇದ್ದಾಳೆ. ಆ ವಯಸ್ಸಿನಲ್ಲಿ ಬೆರಳ ಮೂಳೆಯ ಬೆಳೆಯೋ ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ, ಆ ಥರದ ನೆಗೆತಕ್ಕೆ ಅಲ್ಲೇ ಸೀಳು ಬಿಡಬಹುದು. ಎದುರಿಗಿದ್ದರೆ ಅವಳು ಮಾಡದೆ ಬಿಡುತ್ತಾಳಾ? ಪಟ್ಟಿಗಳು ಇವತ್ತಿಗೂ ಅಟ್ಟದ ಮೇಲಿವೆ.

ಆಷಾಢ

ಜುಲೈ ಮೊದಲ ವಾರ ಮಳೆ ಹಿಡಿಯಿತು. ಯಾವ ಕಾಲಕ್ಕೆ ಅಂತ ಗೋಡೆ ಕಟ್ಟಿದ್ದೆವೋ ಆ ಕಾಲ. ಮೊದಲ ಸಂಜೆ ತಮ್ಮ ಎರಡನೇ ಹಿಡಿಗೇ ಜಾರಿ ಬಿದ್ದ. ಹೋಲ್ಡ್ ಮುಟ್ಟಿ ನೋಡಿದೆ, ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ ತೇವ. ಕೈಗೆ ಹಚ್ಚೋ ಚಾಕ್ ಪುಡಿ ಮೆಗ್ನೀಷಿಯಂ ಕಾರ್ಬೊನೇಟ್, ಬೆವರು ಹೀರೋದೇ ಅದರ ಕೆಲಸ. ಇಲ್ಲಿ ಅದು ಗಾಳಿಯ ತೇವವನ್ನೇ ಹೀರಿ ಡಬ್ಬಿಯಲ್ಲಿ ಮುದ್ದೆಯಾಗಿ ಕೂತಿತ್ತು. ಹದಿನೈದು ದಿನಕ್ಕೆ ಹಾಸಿಗೆ ಎತ್ತಿದರೆ ಅಡಿಯೆಲ್ಲ ಹಸಿರು ಬೂಸು. ಕಲ್ಲುಚಪ್ಪಡಿ ಬೆವರುತ್ತದೆ, ಹಾಸಿಗೆ ಕುಡಿಯುತ್ತದೆ. ಬೋಲ್ಟುಗಳಿಗೆ ತುಕ್ಕು ಹಿಡಿದು, ಎರಡನ್ನು ಗರಗಸದಲ್ಲಿ ಕೊಯ್ಯಬೇಕಾಯಿತು. ಪ್ಲೈವುಡ್‌ಗೆ ಮಾತ್ರ ಏನೂ ಆಗಲಿಲ್ಲ. ಐಎಸ್ 710 ಗುರುತಿನ ನೀರು ತಡೆಯೋ ಹಾಳೆಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಅಲ್ಲಿ ವಸೂಲಾಯಿತು.

ಕಿಟಕಿ ತೆಗೆದಿಡಿ, ಗಾಳಿ ಆಡಲಿ ಅಂದರು ಎಲ್ಲರೂ. ನಾಲ್ಕು ದಿನ ತೆಗೆದಿಟ್ಟೆವು, ಇನ್ನೂ ಹಾಳಾಯಿತು. ಜುಲೈನಲ್ಲಿ ಮಲೆನಾಡಿನ ಹೊರಗಿನ ಗಾಳಿ ಒಳಗಿನದಕ್ಕಿಂತ ಒದ್ದೆ! ಹಾಸಿಗೆಯಡಿ ಅಡಿಕೆ ದಬ್ಬೆ ಹಾಸಿ ಸಂದಿ ಬಿಟ್ಟೆವು. ನಾಲ್ಕನೇ ದಿನ ಬಿದ್ದ ಪೆಟ್ಟಿಗೆ ದಬ್ಬೆ ಮುರಿದು ಸೀಳು ಎದ್ದಿತು. ಮೇಲಾಗಿ ಅದು ಇನ್ನೊಂದು ಇಂಚು ನುಂಗಿತ್ತು.

ದಾರಿ ತೋರಿಸಿದ್ದು ಚಿಕ್ಕಮ್ಮ. ಆ ಕೋಣೆಯ ಒಂದು ಗೋಡೆಯ ಆಚೆಗೇ ಬಚ್ಚಲ ಒಲೆ. ಮಳೆಗಾಲದಲ್ಲಿ ಹಂಡೆಯ ಕೆಳಗೆ ಬೆಂಕಿ ಆರುವುದೇ ಇಲ್ಲ, ಮನೆಯವರ ಬಟ್ಟೆಯೆಲ್ಲ ಅದರ ಮೇಲೆ ಕಟ್ಟಿದ ಹಗ್ಗದಲ್ಲೇ ಒಣಗೋದು. ಆ ಕಡೆಯ ಗೋಡೆ ಸಂಜೆಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. "ಹಾಸಿಗೆ ನೆಲದ ಮೇಲೆ ಯಾಕೆ ಮಲಗಿಸ್ತೀರಿ, ಆ ಗೋಡೆಗೆ ಒರಗಿಸಿ ನಿಲ್ಸಿ" ಅಂದರು. ಅಷ್ಟೇ. ಹತ್ತಿ ಮುಗಿದ ಮೇಲೆ ಹಾಸಿಗೆ ಎತ್ತಿ ಬೆಚ್ಚಗಿನ ಗೋಡೆಗೆ ಒರಗಿಸೋದು, ಬಾಗಿಲು ಕಿಟಕಿ ಮುಚ್ಚೋದು, ಹತ್ತೋದು ಸಂಜೆ ಆರರ ಮೇಲೆ, ಹಂಡೆ ಕಾದಿರೋ ಹೊತ್ತಿಗೆ. ಚಾಕ್ ಡಬ್ಬಿ, ಶೂ ಒಲೆಯ ಪಕ್ಕದ ಗೂಡಿಗೆ. ಬೋಲ್ಟಿಗೆ ಹಾಕೋ ಮುಂಚೆ ಒಂದು ಹನಿ ಎಣ್ಣೆ, ಅದೂ ಕೈಗೆ ತಾಗದ ತುದಿಗೆ ಮಾತ್ರ. ರೆಸಿನ್ ಹೋಲ್ಡುಗಳನ್ನು ಸೆಪ್ಟೆಂಬರ್‌ವರೆಗೆ ಬಿಚ್ಚಿ ಎತ್ತಿಟ್ಟೆವು. ಮರದವು ತೇವವನ್ನು ಸ್ವಲ್ಪ ಕುಡಿದುಕೊಳ್ಳುತ್ತವೆ, ಅಷ್ಟು ಜಾರುವುದಿಲ್ಲ.

ಖರ್ಚು ಎಲ್ಲ ಸೇರಿ 34 ಸಾವಿರ ಚಿಲ್ಲರೆ. ಆಚಾರ್ರ ಆರು ದಿನದ ಕೂಲಿ, ಪ್ಲೈವುಡ್, ಅಂಗಡಿಯ ಹೋಲ್ಡು, ಫೋಮ್, ಈ ನಾಲ್ಕರಲ್ಲೇ ಮುಕ್ಕಾಲು ಪಾಲು ಹೋಯಿತು. ಮರ ಕೊಳ್ಳಬೇಕಾಗಿದ್ದರೆ ಇನ್ನೂ ಹತ್ತು ಸಾವಿರ ಹಿಡಿಯುತ್ತಿತ್ತೇನೋ.

ಇಷ್ಟರಲ್ಲಿ ಏನು ಸಿಕ್ಕಿತು ಅಂದರೆ, ಕೂತಲ್ಲಿಂದ ತುದಿಗೆ ಐದಾರು ಸಲ ಕೈ ಬದಲಿಸೋ ಅಷ್ಟು ದಾರಿ. ಅಷ್ಟಕ್ಕೆ ಮುಚ್ಚಿಗೆ ಬಂತು. ದಮ್ಮು ಬೆಳೆಸೋಕೆ ಇದು ಸಾಲದು, ಅದಕ್ಕೆ ಹತ್ತಿ, ಇಳಿದು, ಅಡ್ಡ ಹೋಗಿ, ಮತ್ತೆ ಹತ್ತಬೇಕು. ಉದ್ದ ಕಾಲಿನ ತಮ್ಮನಿಗೆ ಹಾಸಿಗೆಗೆ ಪಾದ ತಾಗದ ಹಾಗೆ ಮಡಚಿಕೊಳ್ಳೋದೇ ಅರ್ಧ ಕೆಲಸ. ಮಗಳಿಗೆ ಆ ತೊಂದರೆ ಇಲ್ಲ. ಅವಳು ಅಪ್ಪ ಬೀಳೋ ಜಾಗದಲ್ಲಿ ಸಲೀಸಾಗಿ ದಾಟುತ್ತಾಳೆ, ದಾಟಿ ತಿರುಗಿ ನೋಡುತ್ತಾಳೆ.

ಹೋದ ಆಷಾಢದಲ್ಲಿ ಹೋದಾಗ ಬಚ್ಚಲಿಗೆ ಕೈಕಾಲು ತೊಳೆಯೋಕೆ ಹೊಕ್ಕೆ. ಒಲೆಯ ಮೇಲಿನ ಹಗ್ಗದಲ್ಲಿ ಎರಡು ಜೊತೆ ಸಾಕ್ಸು, ಚಿಕ್ಕಪ್ಪನ ಮಂಕಿ ಕ್ಯಾಪು, ಪಕ್ಕದಲ್ಲಿ ಬೋಲ್ಟಿನ ತೂತಿಗೆ ದಾರ ಪೋಣಿಸಿ ನೇತುಹಾಕಿದ ಒಂಬತ್ತು ಕಾಫಿ ಮರದ ಹಿಡಿಗಳು. ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿದರು. "ಬರ್ತಾ ನಿಮ್ಮ ಕೊರಡುಗಳನ್ನೂ ತಗೊಂಡು ಬಾರೋ, ಹೊಗೆ ಹಿಡಿದ್ರೆ ಆಮೇಲೆ ಮೊಸರನ್ನಕ್ಕೂ ಅದೇ ವಾಸನೆ."